ಕಥಾಸ್ಪರ್ಧೆಗೆ ಕಥೆ ಕಳಿಸುವ ಮುನ್ನ: ಹವ್ಯಾಸಿ ಬರಹಗಾರ್ತಿಯೊಬ್ಬಳ ಕೆಲವು ಪ್ರಶ್ನೆಗಳು

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತೆ. ಕಳೆದ ಆರು ವರ್ಷಗಳಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ ಬರೆದ ಹನ್ನೊಂದು ಕಥೆಗಳು ನನ್ನ ಬಳಿ ಇವೆ. ಅವುಗಳಲ್ಲಿ ನಾಲ್ಕನ್ನು ಬೇರೆ ಬೇರೆ ಸ್ಪರ್ಧೆಗಳಿಗೆ ಕಳಿಸಿದ್ದೆ. ಒಂದಕ್ಕೂ ಬಹುಮಾನ ಬರಲಿಲ್ಲ, ಅದರ ಬೇಸರ ಈಗ ಕಳೆದಿದೆ. ಆದರೆ ಕಥೆ ತಲುಪಿತು ಎಂಬ ಒಂದು ಸಾಲಿನ ಉತ್ತರವೂ ಬಾರದೆ, ಯಾರಾದರೂ ಅದನ್ನು ಓದಿದರೋ ಇಲ್ಲವೋ ಎಂಬುದೂ ತಿಳಿಯದೆ, ಐದನೆಯ ಕಥೆಯನ್ನು ಕಳಿಸಲು ಮನಸ್ಸು ಹಿಂಜರಿಯುತ್ತಿದೆ.

ಈಗ ಕಳಿಸಬೇಕೆಂದಿರುವ ಕಥೆ ನಮ್ಮ ಕಚೇರಿಯಂಥದ್ದೇ ಒಂದು ಕಚೇರಿಯಲ್ಲಿ ನಡೆಯುತ್ತದೆ. ತೀರಿಕೊಂಡ ಮಗನ ಬೆಳೆಸಾಲದ ಕಾಗದಪತ್ರಗಳಿಗೆ ವಾರಸುದಾರಳಾಗಿ ಹೆಬ್ಬೆಟ್ಟು ಒತ್ತಬೇಕಾದ ಮುದುಕಿಯೊಬ್ಬಳು, ಸಾಲ ತೀರಿಸುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿಕೊಂಡರೂ ಹೆಬ್ಬೆಟ್ಟು ಮಾತ್ರ ಒತ್ತುವುದಿಲ್ಲ ಎನ್ನುತ್ತಾಳೆ. ಒತ್ತಿದರೆ ಮಗ ಸತ್ತದ್ದಕ್ಕೆ ತಾನೇ ಸಾಕ್ಷಿ ಹೇಳಿದಂತೆ ಎಂಬುದು ಅವಳ ಮನಸ್ಸಿನಲ್ಲಿರುವುದು. ಅದನ್ನು ಅವಳು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಕಥೆ 3,400 ಪದಗಳಷ್ಟಿದೆ, ಸ್ಪರ್ಧೆಯ ಮಿತಿ 2,000. ಇಷ್ಟು ಕತ್ತರಿಸಿದ ಮೇಲೂ ಕಥೆ ಉಳಿಯುತ್ತದೆಯೇ, ಅಥವಾ ಮಿತಿಗೆ ತಕ್ಕಂತೆ ಹೊಸದೊಂದನ್ನು ಬರೆಯುವುದು ಮೇಲೇ? ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಹುದೇ? ಪಾತ್ರಗಳ ಮಾತೆಲ್ಲ ನಮ್ಮ ಕಡೆಯ ಆಡುನುಡಿಯಲ್ಲಿದೆ. ಬೇರೆ ಸೀಮೆಯ ತೀರ್ಪುಗಾರರಿಗೆ ಅದು ತೊಡಕಾದೀತೇ? ಇನ್ನೊಂದು ಸ್ಪರ್ಧೆಯವರು 300 ರೂಪಾಯಿ ಪ್ರವೇಶ ಶುಲ್ಕ ಕೇಳಿದ್ದಾರೆ, ಜೊತೆಗೆ ಆಯ್ಕೆಯಾದ ಕಥೆಗಳ ‘ಸಂಪೂರ್ಣ ಹಕ್ಕು’ ತಮ್ಮದೆಂದು ನಿಯಮಗಳಲ್ಲಿ ಬರೆದಿದ್ದಾರೆ. ಇದು ವಾಡಿಕೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಧಾರವಾಡದ ಮೇಷ್ಟ್ರು

ತಂಗಿ, ನಿಮ್ಮ ಕಥೆಗಳನ್ನು ಯಾರಾದರೂ ಓದಿದರೋ ಇಲ್ಲವೋ ಎಂಬ ಸಂಶಯಕ್ಕೇ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗಿಂತ ಅದೇ ನಿಮ್ಮ ಕೈ ಹಿಡಿದು ನಿಲ್ಲಿಸಿದೆ ಎಂದು ನನಗೆ ಅನ್ನಿಸುತ್ತದೆ. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಒಂದು ಜಿಲ್ಲಾ ಮಟ್ಟದ ಸ್ಪರ್ಧೆಗೆ ಮೂರು ವರ್ಷ ಮೊದಲ ಸುತ್ತಿನ ಓದುಗನಾಗಿದ್ದೆ. ಅಲ್ಲಿ ಬಂದ ಕಥೆಗಳಿಂದ ಹೆಸರು, ವಿಳಾಸಗಳ ಹಾಳೆಯನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಒಂದೊಂದು ಕಥೆಯನ್ನು ಇಬ್ಬರ ಕೈಗೆ ಕೊಡುತ್ತಿದ್ದರು. ಸುಮಾರು ನೂರೆಂಬತ್ತು ಕಥೆಗಳಲ್ಲಿ ಇಪ್ಪತ್ತು ಮಾತ್ರ ತೀರ್ಪುಗಾರರನ್ನು ತಲುಪುತ್ತಿದ್ದವು. ಉಳಿದ ನೂರರವತ್ತು ಮಂದಿಗೆ ಯಾವ ಉತ್ತರವೂ ಹೋಗುತ್ತಿರಲಿಲ್ಲ. ಅದು ಸರಿಯಾದ ಕ್ರಮವೆಂದು ನಾನು ಹೇಳುವುದಿಲ್ಲ. ಕಥೆ ತಲುಪಿದೆ ಎಂದು ತಿಳಿಸುವ ಸೌಜನ್ಯವನ್ನು ಈ ಮಿಂಚಂಚೆಯ ಕಾಲದಲ್ಲಾದರೂ ಎಲ್ಲ ಸಂಘಟಕರೂ ತೋರಿಸಬೇಕು ಎಂದು ನಾನು ಸಭೆಯಲ್ಲಿಯೂ ಹೇಳಿದ್ದೇನೆ. ಆದರೆ ಆ ನೂರರವತ್ತೂ ಕಥೆಗಳನ್ನು ಇಬ್ಬರು ಓದಿದ್ದರು ಎಂಬುದು ನಿಜ.

ಒಂದು ಸಂಗತಿ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಎರಡನೆಯ ವರ್ಷ ನಾನು ಎರಡು ಪುಟ ಓದಿ ಪಕ್ಕಕ್ಕಿಟ್ಟ ಕಥೆಯೊಂದನ್ನು ನನ್ನ ಜೊತೆಯ ಓದುಗರು ಪಟ್ಟು ಹಿಡಿದು ಮೇಲಿನ ಸುತ್ತಿಗೆ ಕಳಿಸಿದರು, ಅದಕ್ಕೆ ಎರಡನೆಯ ಬಹುಮಾನವೂ ಬಂತು. ಆಮೇಲೆ ಪೂರ್ತಿ ಓದಿದಾಗ ನನಗೆ ನಾಚಿಕೆಯಾಯಿತು. ಕಥೆ ಮೂರನೆಯ ಪುಟದಲ್ಲಿ ಶುರುವಾಗುತ್ತಿತ್ತು. ಅದಕ್ಕೂ ಮೊದಲು ಇದ್ದದ್ದು ಬೆಂಗಳೂರಿನಿಂದ ಊರಿಗೆ ಹೊರಟವನ ಬಸ್ಸು, ಕಿಟಕಿಯಾಚೆಯ ಮಳೆ, ಬಾಲ್ಯದ ನೆನಪು. ಇಂಥ ಬಸ್ಸು ಆ ವರ್ಷದ ಎಷ್ಟೋ ಕಥೆಗಳಲ್ಲಿ ಓಡುತ್ತಿತ್ತು, ಹಾಗಾಗಿ ನಾನು ಅದನ್ನು ಮೊದಲೇ ಓದಿದ್ದೇನೆಂಬ ಭ್ರಮೆಯಲ್ಲಿ ಕೆಳಗಿಟ್ಟಿದ್ದೆ. ತಪ್ಪು ಓದುಗನದ್ದು, ನಿಜ. ಆದರೂ ದಿನಕ್ಕೆ ಹತ್ತು ಕಥೆ ಓದುವ ದಣಿದ ಕಣ್ಣು ನಿಮ್ಮ ಮೊದಲ ಪುಟವನ್ನು ನೋಡುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ, ನಿಮ್ಮ 3,400 ಪದಗಳಲ್ಲಿ ಎಲ್ಲಿ ಕತ್ತರಿ ಆಡಿಸಬೇಕೆಂಬುದು ನಿಮಗೇ ಕಂಡೀತು. ಮುದುಕಿ ಕಚೇರಿಗೆ ಬರುವ ದಾರಿಯನ್ನು ನೀವು ಬರೆದಿರಬಹುದು, ಮಗ ಸತ್ತ ಬಗೆಯನ್ನೂ ಬರೆದಿರಬಹುದು. ಶಾಯಿಯ ಪ್ಯಾಡು ಅವಳ ಮುಂದೆ ಬರುವ ಗಳಿಗೆಯಿಂದಲೇ ಕಥೆಯನ್ನು ತೆರೆದು ನೋಡಿ. ಮುಂದೆ ತಾನಾಗಿ ತಿಳಿಯುವುದನ್ನೆಲ್ಲ ಹಿಂದೆ ಹೇಳುವ ಅಗತ್ಯ ಬೀಳುವುದಿಲ್ಲ. ಅವಳ ಮನಸ್ಸಿನ ಮಾತನ್ನು ಅವಳು ಹೇಳುವುದಿಲ್ಲ ಎಂದು ಬರೆದಿದ್ದೀರಿ. ಅದನ್ನು ಕೊನೆಯ ಸಾಲಿನಲ್ಲಿ ನಿರೂಪಕಿ ಹೇಳಿಬಿಡದಂತೆ ನೋಡಿಕೊಳ್ಳಿ. ಚೆನ್ನಾಗಿ ನಡೆದುಬಂದ ಕಥೆಗಳು ಕೊನೆಯ ಅರ್ಧ ಪುಟದ ವಿವರಣೆಯಲ್ಲಿ ಕುಸಿದದ್ದನ್ನು ಬಹಳ ಕಂಡಿದ್ದೇನೆ.

ಆಡುನುಡಿಯ ವಿಷಯದಲ್ಲಿ ಹೆದರಬೇಡಿ. ಕುಂದಾಪುರದ ಕನ್ನಡವನ್ನು ವೈದೇಹಿಯವರೂ, ನಂಜನಗೂಡಿನ ಕಡೆಯ ಮಾತನ್ನು ದೇವನೂರ ಮಹಾದೇವ ಅವರೂ ಕಥೆಗೆ ತಂದಾಗ ಧಾರವಾಡದವರಾದ ನಾವು ಅದನ್ನು ಪ್ರೀತಿಯಿಂದಲೇ ಓದಿದ್ದೇವೆ. ಗೊತ್ತಿಲ್ಲದ ಪದವೊಂದು ಓದುಗನನ್ನು ತಡೆಯುವುದಿಲ್ಲ, ಅದರ ಪಕ್ಕದಲ್ಲಿ ಬರುವ ಆವರಣದೊಳಗಿನ ಅರ್ಥ ತಡೆಯುತ್ತದೆ. ‘ಮೆಟ್ಟುಗತ್ತಿ’ ಎಂದು ಬರೆದು ಆವರಣದಲ್ಲಿ ಅಡಿಕೆ ಸುಲಿಯುವ ಸಾಧನ ಎಂದು ಸೇರಿಸುವ ಬದಲು, ಮೆಟ್ಟುಗತ್ತಿಯ ಮುಂದೆ ಕೂತವಳ ಕೈಯಲ್ಲಿ ಒಂದು ಅಡಿಕೆ ಕೊಡಿ, ಸಾಕು. ನಿರೂಪಣೆಯನ್ನೂ ಆಡುನುಡಿಯಲ್ಲಿಯೇ ಬರೆಯುವುದಾದರೆ ಮಾತ್ರ ಕೊನೆಯವರೆಗೂ ಒಂದೇ ಹದ ಕಾಯ್ದುಕೊಳ್ಳಬೇಕಾಗುತ್ತದೆ. ಅರ್ಧದಲ್ಲಿ ಪುಸ್ತಕದ ಭಾಷೆಗೆ ಜಾರಿದರೆ ಅದು ಬೇಗ ಗೊತ್ತಾಗುತ್ತದೆ.

ಸ್ಪರ್ಧೆಗಳ ಬಗ್ಗೆ ಕೆಲವರು ಹಗುರವಾಗಿ ಮಾತಾಡುವುದನ್ನು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಹಲವು ದಶಕಗಳಿಂದ ನಡೆದು ಬಂದಿದೆ, ನಮ್ಮ ಧಾರವಾಡದಲ್ಲಿ 1964ರಲ್ಲಿ ಹುಟ್ಟಿದ ‘ಸಂಕ್ರಮಣ’ ಪತ್ರಿಕೆಯೂ ಕಥೆಗಳಿಗೆ ಸ್ಪರ್ಧೆ ನಡೆಸಿ ಬಹುಮಾನ ಕೊಡುತ್ತಿತ್ತು. ಯಾರ ಪರಿಚಯವೂ ಇಲ್ಲದ, ಯಾವ ಸಂಪಾದಕರನ್ನೂ ಕಾಣದ ಹಳ್ಳಿಯ ಶಿಕ್ಷಕರ, ಗುಮಾಸ್ತರ, ಗೃಹಿಣಿಯರ ಕಥೆಗಳು ನಾಡಿನ ಮನೆಮನೆಗೆ ತಲುಪಿದ್ದು ಇಂಥ ಬಾಗಿಲುಗಳಿಂದಲೇ. ಕಳಿಸುವ ಮೊದಲು ಆಯಾ ಸ್ಪರ್ಧೆಯಲ್ಲಿ ಹಿಂದಿನ ಎರಡು ಮೂರು ವರ್ಷ ಬಹುಮಾನ ಪಡೆದ ಕಥೆಗಳನ್ನು ಓದಿ ನೋಡಿ, ಅಲ್ಲಿಯ ಹದ ತಿಳಿಯುತ್ತದೆ.

ಕಡತ ಮತ್ತು ಕಥೆ

ಹಕ್ಕು ಮತ್ತು ಶುಲ್ಕದ ಪ್ರಶ್ನೆಗಳಿಗಷ್ಟೇ ಉತ್ತರಿಸುತ್ತೇನೆ. ವೃತ್ತಿಯಿಂದ ವಕೀಲ, ಬಿಡುವಿನಲ್ಲಿ ಕಥೆ ಓದುವವನು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಥೆ ಬರೆದವರೇ ಅದರ ಮೊದಲ ಒಡೆಯರು. ಅದಕ್ಕಾಗಿ ಎಲ್ಲಿಯೂ ನೋಂದಣಿ ಮಾಡಿಸಬೇಕಾಗಿಲ್ಲ. ಬರೆದು ಮುಗಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು, ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ. ಆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾದರೆ ಕಾಯ್ದೆಯ 19ನೇ ಸೆಕ್ಷನ್ ಹೇಳುವಂತೆ ಅದು ಬರವಣಿಗೆಯಲ್ಲಿರಬೇಕು, ಬಿಟ್ಟುಕೊಡುವವರ ಸಹಿ ಇರಬೇಕು, ಯಾವ ಕೃತಿಯ ಯಾವ ಹಕ್ಕು ಎಷ್ಟು ಕಾಲಕ್ಕೆ ಮತ್ತು ಎಲ್ಲಿಗೆ ಎಂಬುದೂ ನಮೂದಾಗಿರಬೇಕು. ಅವಧಿ ಬರೆದಿರದಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಎಣಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಅವರು ಬಳಸದೆ ಬಿಟ್ಟರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ಅದು ಅಲ್ಲಿಗೆ ಮುಗಿಯುತ್ತದೆ. ಇಷ್ಟೆಲ್ಲ ರಕ್ಷಣೆ ಕಾಯ್ದೆಯಲ್ಲಿದ್ದರೂ, ಗೂಗಲ್ ಫಾರ್ಮಿನ ಕೊನೆಯಲ್ಲಿ ಇರುವ ಒಪ್ಪಿಗೆಯ ಚೌಕಕ್ಕೆ ಗುರುತು ಹಾಕುವ ಮುನ್ನ ನಿಯಮಾವಳಿಯನ್ನು ಒಮ್ಮೆ ಪೂರ್ತಿ ಓದಿ, ಅದರ ಪ್ರತಿಯನ್ನು ಉಳಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸ್ಪರ್ಧೆ ಮುಗಿದ ಮೇಲೆ ಆ ಪುಟ ಜಾಲತಾಣದಲ್ಲಿ ಸಿಗದೇ ಹೋಗಬಹುದು.

ವಿಶೇಷಾಂಕದಲ್ಲಿ ಮೊದಲು ಪ್ರಕಟಿಸುವ ಹಕ್ಕನ್ನು, ತಮ್ಮ ಜಾಲತಾಣದಲ್ಲಿ ಹಾಕುವ ಹಕ್ಕನ್ನು, ಹೆಚ್ಚೆಂದರೆ ಬಹುಮಾನಿತ ಕಥೆಗಳ ಸಂಕಲನದಲ್ಲಿ ಸೇರಿಸುವ ಹಕ್ಕನ್ನು ಸಂಘಟಕರು ಕೇಳುವುದು ನ್ಯಾಯವೇ. ‘ಸಂಪೂರ್ಣ ಹಕ್ಕು’ ಎಂಬುದು ಬೇರೆಯ ಮಾತು. ನಾಳೆ ನಿಮ್ಮ ಹನ್ನೊಂದು ಕಥೆಗಳನ್ನು ಸೇರಿಸಿ ಪುಸ್ತಕ ತರಬೇಕಾದಾಗ, ಯಾರಾದರೂ ನಿಮ್ಮ ಕಥೆಯನ್ನು ನಾಟಕ ಮಾಡುತ್ತೇನೆ ಅಥವಾ ಮಲಯಾಳಕ್ಕೆ ಅನುವಾದಿಸುತ್ತೇನೆ ಎಂದು ಬಂದಾಗ, ನೀವು ಇನ್ನೊಬ್ಬರ ಅನುಮತಿ ಕೇಳಬೇಕಾದೀತು. ಆ ನಿಯಮದ ಬಗ್ಗೆ ಸಂಘಟಕರಿಗೆ ಪತ್ರ ಬರೆದು, ಸಂಕಲನ ಮತ್ತು ಅನುವಾದದ ಹಕ್ಕು ಲೇಖಕಿಯಲ್ಲೇ ಉಳಿಯುತ್ತದೆಯೇ ಎಂದು ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಆ ಸ್ಪರ್ಧೆಯನ್ನು ಬಿಟ್ಟುಬಿಡಿ.

ಶುಲ್ಕ ಕೇಳುವವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಸಣ್ಣ ಸಂಘಗಳಿಗೆ ಖರ್ಚು ಇರುತ್ತದೆ. ಆದರೆ ಕನ್ನಡದಲ್ಲಿ ಶುಲ್ಕವಿಲ್ಲದ ಒಳ್ಳೆಯ ಸ್ಪರ್ಧೆಗಳು ವರ್ಷದುದ್ದಕ್ಕೂ ಇರುವಾಗ 300 ರೂಪಾಯಿ ಏಕೆ ಕೊಡಬೇಕು? ತೀರ್ಪುಗಾರರ ಹೆಸರು ಹೇಳದೆ ಶುಲ್ಕ ಕೇಳುವವರನ್ನು, ಆಯ್ಕೆಯಾದವರು ಸಂಕಲನದ ಹತ್ತು ಪ್ರತಿ ಕೊಳ್ಳಲೇಬೇಕು ಎನ್ನುವವರನ್ನು ದೂರವಿಡಿ. ನನ್ನ ತಂಗಿ ಹಿಂದೊಮ್ಮೆ ಅಂಥದ್ದೊಂದಕ್ಕೆ 2,500 ರೂಪಾಯಿ ಕಟ್ಟಿದಳು. ಪುಸ್ತಕವೇನೋ ಬಂತು, ಕಥೆ ಕಳಿಸಿದವರೆಲ್ಲರೂ ಅದರಲ್ಲಿ ‘ಆಯ್ಕೆಯಾಗಿ’ದ್ದರು, ತಿದ್ದದ ಅಚ್ಚಿನ ತಪ್ಪುಗಳು ಪುಟಪುಟದಲ್ಲೂ ಇದ್ದವು. ಅವಳು ಆಮೇಲೆ ಎರಡು ವರ್ಷ ಕಥೆ ಬರೆಯಲಿಲ್ಲ. ಹೋದ ಹಣಕ್ಕಿಂತ ಅದೇ ನನ್ನನ್ನು ಹೆಚ್ಚು ನೋಯಿಸಿತು.

ಒಂದೇ ಕಥೆಯನ್ನು ಎರಡು ಕಡೆ ಕಳಿಸುವುದು ಬೇಡ. ‘ಸ್ವಂತ ರಚನೆ, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ, ಬೇರೆಡೆ ಪರಿಶೀಲನೆಯಲ್ಲಿಲ್ಲ’ ಎಂಬ ದೃಢೀಕರಣಕ್ಕೆ ನೀವು ಸಹಿ ಹಾಕಿರುತ್ತೀರಿ, ಅದು ಸುಳ್ಳಾಗಬಾರದು. ಫೇಸ್‌ಬುಕ್ಕಿನಲ್ಲಿ, ಬ್ಲಾಗಿನಲ್ಲಿ, ‘ಪ್ರತಿಲಿಪಿ’ ಎಂಬ ಕಥೆಗಳ ಜಾಲತಾಣದಲ್ಲಿ ಹಾಕಿದ್ದನ್ನೂ ಬಹಳಷ್ಟು ಸ್ಪರ್ಧೆಗಳು ಪ್ರಕಟಣೆಯೆಂದೇ ಗಣಿಸುತ್ತವೆ. ಫಲಿತಾಂಶ ಬರುವವರೆಗೆ ಕಥೆಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಹಂಚಬೇಡಿ.

ಎರಡನೆಯ ಕರಡು

ನಾನು ನಿಮ್ಮಂತೆಯೇ ಹವ್ಯಾಸಿ. ಮೈಸೂರಿನಲ್ಲಿ ಔಷಧ ಅಂಗಡಿಯ ಲೆಕ್ಕ ಬರೆಯುತ್ತೇನೆ. ಏಳು ಸ್ಪರ್ಧೆಗಳಲ್ಲಿ ಸೋತ ಮೇಲೆ ಒಂದರಲ್ಲಿ ತೀರ್ಪುಗಾರರ ಮೆಚ್ಚುಗೆ ಪಡೆದ ಕಥೆಗಳ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ.

ಮೇಷ್ಟ್ರ ಮಾತುಗಳನ್ನೆಲ್ಲ ಗೌರವದಿಂದ ಒಪ್ಪುತ್ತೇನೆ, ಕೊನೆಯ ಸಲಹೆಯೊಂದನ್ನು ಬಿಟ್ಟು. ಬಹುಮಾನಿತ ಕಥೆಗಳನ್ನು ಓದಿ ಹದ ತಿಳಿಯಲು ಹೋಗಿ ನಾನು ಒಂದು ವರ್ಷ ಹಾಳುಮಾಡಿಕೊಂಡೆ. ಆ ಮೂರು ವರ್ಷಗಳ ಕಥೆಗಳಲ್ಲಿ ಎರಡು ಬರಗಾಲದ ಮೇಲಿದ್ದವು, ಒಂದು ಕುಲುಮೆಯ ಮೇಲೆ. ನಾನು ಕುಲುಮೆಯನ್ನು ಹತ್ತಿರದಿಂದ ಕಂಡವಳೇ ಅಲ್ಲ, ಆದರೂ ಕಮ್ಮಾರನೊಬ್ಬನ ಕಥೆ ಬರೆದು ಕಳಿಸಿದೆ. ಈಗ ಓದಿದರೆ ಅದರಲ್ಲಿ ಒಂದು ವಾಕ್ಯವೂ ನನ್ನದಲ್ಲ ಅನ್ನಿಸುತ್ತದೆ. ಮೆಚ್ಚುಗೆ ಪಡೆದ ಕಥೆ ಮಾತ್ರೆಯ ಪಟ್ಟಿಯಲ್ಲಿ ಎರಡೇ ಮಾತ್ರೆ ಕತ್ತರಿಸಿ ಕೊಡಿ ಎಂದು ದಿನವೂ ಬರುವ ಒಬ್ಬ ಗಿರಾಕಿಯ ಬಗ್ಗೆ ಇತ್ತು, ಅದನ್ನು ನಾನು ಗಲ್ಲಾದ ಪಕ್ಕದಲ್ಲೇ ಕಂಡಿದ್ದೆ. ಹಿಂದಿನ ಕಥೆಗಳನ್ನು ಓದಿ, ಆದರೆ ನಿಮ್ಮ ಕಥೆಯನ್ನು ಬರೆದು ಮುಗಿಸಿದ ಮೇಲೆ ಓದಿ. ತೀರ್ಪುಗಾರರು ಪ್ರತಿ ವರ್ಷವೂ ಬದಲಾಗುತ್ತಾರೆ. ಹೋದ ವರ್ಷದ ತೀರ್ಪುಗಾರರ ಇಷ್ಟಾನಿಷ್ಟಗಳು ಈ ವರ್ಷ ಉಪಯೋಗಕ್ಕೆ ಬರುವುದಿಲ್ಲ.

ಪದಮಿತಿಯ ಬಗ್ಗೆ ಒಂದು ಮಾತು. ಕಂಪ್ಯೂಟರು ಎಣಿಸುವುದು ಪದಗಳ ನಡುವಿನ ತೆರಪನ್ನು ನೋಡಿ. ಕನ್ನಡದಲ್ಲಿ ‘ಬರಬೇಕಾಗಿತ್ತಲ್ಲ’ ಎಂಬುದು ಒಂದೇ ಪದವಾಗುತ್ತದೆ, ಅದನ್ನೇ ಬಿಡಿಸಿ ಬರೆದರೆ ಮೂರಾಗುತ್ತದೆ. ಹೀಗಾಗಿ ಕೆಲವರು ಬಿಡಿಬಿಡಿಯಾಗಿರಬೇಕಾದ ಪದಗಳನ್ನೂ ಅಂಟಿಸಿ ಎಣಿಕೆ ಇಳಿಸುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ, ಓದುವವರಿಗೆ ಉಸಿರು ಕಟ್ಟುತ್ತದೆ. ನಾನು 2,900 ಪದಗಳ ಕಥೆಯನ್ನು ಇಳಿಸಿದ್ದು ಬೇರೆ ರೀತಿಯಲ್ಲಿ. ಕಥೆಯನ್ನು ಕಾಗದದ ಮೇಲೆ ಮುದ್ರಿಸಿ, ನನ್ನ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಎಲ್ಲಿ ಅವರೆಕಾಯಿ ಸುಲಿಯುವ ಕಡೆಗೆ ಗಮನ ಹರಿಸಿದರೋ ಅಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆದೆ. ಗೆರೆ ಬಿದ್ದದ್ದರಲ್ಲಿ ಮುಕ್ಕಾಲು ಪಾಲು ಹವಾಮಾನದ ವರ್ಣನೆ, ಉಳಿದದ್ದು ಒಂದೇ ಭಾವವನ್ನು ಎರಡು ಉಪಮೆಗಳಲ್ಲಿ ಹೇಳಿದ ಸಾಲುಗಳು.

ಇನ್ನು ಅಕ್ಷರದ ವಿಷಯ. ನೀವು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಇಡೀ ಕಥೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸಿ ಕಳಿಸಿ. ಬದಲಾಯಿಸಿದ ಮೇಲೆ ಇನ್ನೊಮ್ಮೆ ಕೂತು ಓದಿ, ಏಕೆಂದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪಿರುತ್ತವೆ. ನನ್ನ ಮೊದಲ ಎರಡು ಕಥೆಗಳು ಈ ಕಾರಣಕ್ಕೇ ಯಾರೂ ಓದಲಾಗದ ರೂಪದಲ್ಲಿ ಹೋಗಿದ್ದವು ಎಂದು ಬಹಳ ತಡವಾಗಿ ತಿಳಿಯಿತು. ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ, ಆದರೆ ಕಡತದ ಹೆಸರಿನಲ್ಲಿ ನಿಮ್ಮ ಹೆಸರು ಇರದಂತೆ ನೋಡಿಕೊಳ್ಳಿ. ಅಂಚೆಯಲ್ಲಿ ಕಳಿಸುವುದಾದರೆ, ಕೊನೆಯ ದಿನಾಂಕವೆಂದರೆ ಕಳಿಸುವ ದಿನವೋ ತಲುಪಬೇಕಾದ ದಿನವೋ ಎಂದು ನಿಯಮದಲ್ಲಿ ನೋಡಿ.

ನಿಮ್ಮ ಬಳಿ ಹನ್ನೊಂದು ಕಥೆಗಳಿವೆ ಎಂದಿರಿ. ಬಿಡಿ ಕಥೆಗಳಿಗೆ ‘ಬುಕ್ ಬ್ರಹ್ಮ’ದವರು ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ನಡೆಸುವ ಸ್ಪರ್ಧೆಯನ್ನೂ ಗಮನಿಸಿ. ಕಥೆಗಳು ಒಟ್ಟಾಗಿ ಒಂದು ಪುಸ್ತಕವಾಗಬಲ್ಲವು ಅನ್ನಿಸಿದರೆ, ಇನ್ನೂ ಕಥಾಸಂಕಲನ ಹೊರತರದವರ ಹಸ್ತಪ್ರತಿಗೆ ‘ಛಂದ ಪುಸ್ತಕ’ದವರು ಕೊಡುವ ಬಹುಮಾನವಿದೆ, ಗೆದ್ದ ಹಸ್ತಪ್ರತಿಯನ್ನು ಅವರೇ ಪ್ರಕಟಿಸುತ್ತಾರೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಧನಸಹಾಯವೂ ಇದೆ. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಧಾರವಾಡದ ಮೇಷ್ಟ್ರು

‘ಎರಡನೆಯ ಕರಡು’ ಅವರು ಹೇಳಿದ್ದು ಸರಿ, ನನ್ನ ಸಲಹೆಯನ್ನು ತಿದ್ದಿಕೊಳ್ಳುತ್ತೇನೆ. ಬರೆದು ಮುಗಿಸಿದ ಮೇಲೆ ಓದುವುದೇ ಉತ್ತಮ. ಇನ್ನೊಂದು ಮಾತು ಸೇರಿಸಬೇಕಿತ್ತು. ಸ್ಪರ್ಧೆಯಿಂದ ಹಿಂದೆ ಉಳಿದ ನಿಮ್ಮ ಆ ನಾಲ್ಕು ಕಥೆಗಳು ಈಗ ಮುಕ್ತವಾಗಿವೆ. ಫಲಿತಾಂಶ ಬಂದಾದ ಮೇಲೆ ಅವನ್ನು ತಿದ್ದಿ ‘ಮಯೂರ’ಕ್ಕೋ ‘ತುಷಾರ’ಕ್ಕೋ ಯಾವುದಾದರೂ ಸಾಪ್ತಾಹಿಕ ಪುರವಣಿಗೋ ಕಳಿಸಲು ಅಡ್ಡಿಯಿಲ್ಲ. ನೂರೆಂಬತ್ತರಲ್ಲಿ ಇಪ್ಪತ್ತನ್ನು ಆರಿಸುವಾಗ ಇಪ್ಪತ್ತೊಂದನೆಯದನ್ನು ಬಿಡಲು ನಾವು ಎಷ್ಟು ಒದ್ದಾಡಿದ್ದೇವೆಂಬುದು ನನಗೆ ಗೊತ್ತು. ನಾವು ಬಿಟ್ಟ ಎರಡು ಕಥೆಗಳನ್ನು ಮುಂದೆ ಪತ್ರಿಕೆಯಲ್ಲಿ ಅಚ್ಚಾಗಿ ನೋಡಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ತುಂಗಾತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೊದಲು ಹಳೆಯ ಕಡತಗಳನ್ನು ತೆಗೆದು ನೋಡಿದೆ. ಕಳಿಸಿದ ನಾಲ್ಕರಲ್ಲಿ ಎರಡು ಹಳೆಯ ನುಡಿಯಲ್ಲಿದ್ದವು, ಒಂದರ ಪ್ರತಿ ಪುಟದ ಮೇಲೂ ನನ್ನ ಹೆಸರು ಇತ್ತು. ಎರಡು ವರ್ಷ ಕಾದ ಮೌನಕ್ಕೆ ಕಾರಣ ಅಷ್ಟರಮಟ್ಟಿಗೆ ನನ್ನ ಕೈಯಲ್ಲೇ ಇತ್ತು ಎಂದು ತಿಳಿದಾಗ ಮನಸ್ಸಿಗೆ ಒಂದು ರೀತಿಯ ಬಿಡುಗಡೆಯೇ ಆಯಿತು. ಶುಲ್ಕ ಕೇಳಿದ ಸ್ಪರ್ಧೆಯವರಿಗೆ ವಕೀಲರು ಹೇಳಿದಂತೆ ಪತ್ರ ಬರೆದೆ. ‘ನಿಯಮ ಎಲ್ಲರಿಗೂ ಒಂದೇ’ ಎಂಬ ಉತ್ತರ ಬಂತು, ಹಾಗಾಗಿ ಅದನ್ನು ಕೈಬಿಟ್ಟಿದ್ದೇನೆ.

ಕಥೆಯನ್ನು ಮುದ್ರಿಸಿ ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಮುದುಕಿ ಮಳೆಯಲ್ಲಿ ಕಚೇರಿಗೆ ನಡೆದುಬರುವ ಎರಡು ಪುಟಗಳನ್ನು ತೆಗೆದುಹಾಕಿ, ಮೇಷ್ಟ್ರು ಹೇಳಿದ ಹಾಗೆ ಶಾಯಿಯ ಪ್ಯಾಡಿನಿಂದಲೇ ಶುರು ಮಾಡಿದ್ದೇನೆ. ಕೊನೆಯಲ್ಲಿ ಅವಳ ಮನಸ್ಸಿನ ಮಾತನ್ನು ನಾನು ನಿಜಕ್ಕೂ ಬರೆದುಬಿಟ್ಟಿದ್ದೆ. ಆ ಆರು ಸಾಲುಗಳೂ ಹೋದವು. ಈಗ ಅವಳು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ‘ದುಡ್ಡು ಕಟ್ತೇನೆ, ರಸೀದಿ ಅವನ ಹೆಸರಿಗೇ ಬರೀರಿ’ ಎನ್ನುವಲ್ಲಿಗೆ ಕಥೆ ನಿಲ್ಲುತ್ತದೆ. ಅದನ್ನು ಓದಿದಾಗ ಅತ್ತೆಯವರು ಏನೂ ಹೇಳಲಿಲ್ಲ, ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರು.

ಕಥೆ 2,210 ಪದಗಳಿಗೆ ಇಳಿದಿದೆ. ಉಳಿದ 210ಕ್ಕೆ ಒಂದೇ ದಾರಿ ಕಾಣುತ್ತಿದೆ. ಮಗ ಬದುಕಿದ್ದಾಗ ಮನೆಮಂದಿಯೆಲ್ಲ ಸೇರಿ ಅಡಿಕೆ ಸುಲಿಯುವ ರಾತ್ರಿಯ ಪ್ರಸಂಗವೊಂದು ನಡುವೆ ಇದೆ, ಅದು 480 ಪದ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ, ಆದರೆ ಗಟ್ಟಿಯಾಗಿ ಓದುವಾಗ ಕಚೇರಿಯ ಮೇಜಿನಿಂದ ಅದು ನನ್ನನ್ನು ಬಹಳ ದೂರ ಒಯ್ದಿತು. ಅದನ್ನು ಪೂರ್ತಿಯಾಗಿ ಹೊರತೆಗೆದು ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಅದು ಹನ್ನೆರಡನೆಯ ಕಥೆಯ ಆರಂಭ ಇರಬಹುದು ಎಂದು ನಿನ್ನೆ ರಾತ್ರಿ ಅನ್ನಿಸಿತು. ಸ್ಪರ್ಧೆಯ ಕೊನೆಯ ದಿನಾಂಕಕ್ಕೆ ಇನ್ನೂ ಹದಿನಾರು ದಿನಗಳಿವೆ. ಯೂನಿಕೋಡಿಗೆ ಬದಲಾಯಿಸಿದ ಪ್ರತಿಯಲ್ಲಿ ಅರ್ಕಾವತ್ತುಗಳನ್ನು ತಿದ್ದುವ ಕೆಲಸ ಇವತ್ತು ನಾಲ್ಕನೆಯ ಪುಟಕ್ಕೆ ಬಂದಿದೆ.